ಮಂಗಳವಾರದ ಕುರ್ಚಿ

ಶನಿವಾರ ಕಾಲೇಜಿನವರ ಆಟ, ಭಾನುವಾರ ಸಂಬಳದವರದು.
ಸೋಮವಾರ ಅಂಗಡಿ ಮುಚ್ಚಿರುತ್ತದೆ, ಊರಿನ ಗಂಟಲೂ.
ಮಂಗಳವಾರ ಬೆಳಗಾದರೆ ಸಾಕು,
ಇಲ್ಲಿನ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ
ಕೂದಲು ಬೆಳೆದುಬಿಟ್ಟಿರುತ್ತದೆ.

ಒಹಾಯೊ ನದಿಯ ಈ ದಂಡೆಯಲ್ಲಿ
ಮೂವತ್ತೆರಡು ವರ್ಷದಿಂದ ತಲೆ ಬೋಳಿಸುತ್ತಿದ್ದೇನೆ.
ನನ್ನ ಅಭಿಪ್ರಾಯ ಕೇಳಿ.
ಕೇಳದಿದ್ದರೂ ನಷ್ಟವಿಲ್ಲ, ಕತ್ತರಿ ನನ್ನ ಕೈಯಲ್ಲಿದೆ.

ಎಂಟು ವಾರ ಕಳೆಯಿತು. ಸಂಬಳದವರು ಎರಡು ಗೆದ್ದು ಐದು ಸೋತರು;
ಒಂದು ವಾರ ರಜೆ, ಅದರಲ್ಲಿ ಸೋಲಲಿಲ್ಲ.
ಕೋಚನ್ನು ನೋಡಿ: ನಾಲ್ಕನೆಯ ಡೌನು, ಬಾಕಿ ಒಂದೇ ಗಜ,
ಮುನ್ನೂರು ಪೌಂಡಿನ ಐದು ಗೋಡೆ ಮುಂದೆ,
ಹಿಂದೆ ಗೂಳಿಯಂಥ ಹುಡುಗ ಕಾಲು ಕೆರೆಯುತ್ತಿದ್ದಾನೆ,
ಈ ಮಹರಾಯ ಚೆಂಡು ಒದೆಸಿ
ಎದುರಿನವರ ಉಡಿ ತುಂಬಿ ಕಳಿಸುತ್ತಾನೆ.
ಕ್ವಾರ್ಟರ್‌ಬ್ಯಾಕ್? ಎಡಕ್ಕೆ ಓಡಿದರೆ ದೇವರು.
ಬಲಕ್ಕೆ ಓಡಿದರೆ ದೇವರೇ ಗತಿ.
ಮಾಲೀಕನಿಗೆ ಕ್ರೀಡಾಂಗಣಕ್ಕೊಂದು ಚಾವಣಿ ಬೇಕಂತೆ,
ನಮ್ಮ ತೆರಿಗೆಯಲ್ಲಿ.
ಹಿಮ ಬೀಳದ ಡಿಸೆಂಬರಿನಲ್ಲಿ ಆಡುವುದೂ ಒಂದು ಆಟವೆ?
ಮಾರ್ಚಿನಿಂದ ನನ್ನ ಚಾವಣಿ ಸೋರುತ್ತಿದೆ,
ಆ ಬಕೆಟ್ಟಿಗೆ ಯಾರೂ ಮತ ಹಾಕಲಿಲ್ಲ.

ಕಾಲೇಜಿನ ಹುಡುಗರು ದುಡ್ಡಿಗೆ ತಂಡ ಬದಲಿಸುತ್ತಾರೆಂದು
ನಿವೃತ್ತ ಅಂಚೆಯವ ಡ್ವೈಟ್ ಪಲಂಬೊ ಉರಿದುಬೀಳುತ್ತಾನೆ.
ಬದಲಿಸಲಿ ಬಿಡಯ್ಯ.
ಕೋಚು ಮೂರು ಸಲ ಬದಲಿಸಿ ಬಂದಾಗ
ಬ್ಯಾಂಡು ಬಾರಿಸಿದವರು ನಾವೇ ಅಲ್ಲವೆ?
ನನ್ನ ಹೊಟ್ಟೆಯುರಿ ಬೇರೆ:
ಎರಡು ಸಾವಿರ ಮೈಲಿ ಹಾರಿ ಹೋಗಿ
ಹೆಸರೇ ಗೊತ್ತಿಲ್ಲದ ಕಡಲ ತೀರದವರ ಜೊತೆ ಆಡುತ್ತಾರೆ.
ನದಿಯಾಚೆಯ ಹಳೆಯ ವೈರಿ, ಮೂವತ್ತೇ ಮೈಲಿ,
ಈ ವರ್ಷದ ಪಟ್ಟಿಯಲ್ಲೇ ಇಲ್ಲ.
ದ್ವೇಷಕ್ಕೂ ನೆರೆಹೊರೆ ಬೇಕು ಕಣ್ರಿ.

ಇನ್ನು ಶನಿವಾರದ ಆ ಕಿಕ್ಕು.
ಎರಡು ಅಂಕ ಹಿಂದೆ, ಉಳಿದದ್ದು ಮೂರು ಸೆಕೆಂಡು,
ಮೂವತ್ತೊಂದು ಗಜ.
‘ಸತ್ತ ನಮ್ಮಜ್ಜಿ ಎದ್ದು ಬಂದು
ಮನೆಯ ಚಪ್ಪಲಿಯಲ್ಲಿ ಒದ್ದಿದ್ದರೂ ಹೋಗುತ್ತಿತ್ತು’
ಎಂದೆ. ನಾನೇ ಎಂದೆ. ಎಲ್ಲರೂ ನಕ್ಕರು,
ಪಲಂಬೊನ ಕಿವಿಯ ಹತ್ತಿರ ಕತ್ತರಿ ಸ್ವಲ್ಪ ತಪ್ಪಿತು.

ಬಾಗಿಲ ಗಂಟೆ ಆಡಿತು.
ತಲೆಮೇಲೆ ಮುಸುಕೆಳೆದುಕೊಂಡು ಒಳಬಂದವನು
ಟೋಬಿಯಾಸ್ ಮ್ರಾಜ್. ಅದೇ ಹುಡುಗ, ಅದೇ ಕಾಲು.
ಯಾರೋ ಹಳೇ ಪತ್ರಿಕೆ ಬಿಡಿಸಿದರು,
ಯಾರೋ ಅದನ್ನು ತಲೆಕೆಳಗಾಗಿ ಓದಿದರು.

ಮುಸುಕು ತೆಗೆದ. ‘ಹಿಂದುಗಡೆ ಚಿಕ್ಕದಾಗಿ’ ಎಂದ.
ಬಟ್ಟೆ ಹೊದಿಸಿದೆ, ಕತ್ತಿನ ಗುಂಡಿ ಹಾಕಿದೆ.
ಇಪ್ಪತ್ತರ ಕತ್ತು. ಹೆಲ್ಮೆಟ್ಟು ಉಜ್ಜಿದ ಕೆಂಪು ಗೆರೆ,
ಮೇಲೆ ಎರಡು ಮೊಡವೆ.
ಮೂವತ್ತೆರಡು ವರ್ಷದಲ್ಲಿ ಮೊದಲ ಸಲ
ನನ್ನ ಅಂಗಡಿಯಲ್ಲಿ ಯಂತ್ರದ ಸದ್ದು ಕೇಳಿಸಿತು.

‘ಗಾಳಿ ಇರಲಿಲ್ಲ’ ಎಂದ, ಕನ್ನಡಿಗೆ.
ಯಾರೂ ಕೇಳಿರಲಿಲ್ಲ.
ನಾನು ಹೂಂ ಎಂದೆ.
ಬೇರೇನು ಹೇಳುವುದು? ಬಾಯಿತುಂಬ ಅಜ್ಜಿಯ ಚಪ್ಪಲಿ.
ಕುತ್ತಿಗೆಗೆ ಬಿಸಿ ಟವೆಲ್ಲು ಒತ್ತಿ
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದೆ.
ದುಡ್ಡು ಕೊಟ್ಟ, ಮೇಲೆ ಮೂರು ಡಾಲರು.
ಬೇಡವೆಂದರೆ ಅರ್ಥವಾಗಿಬಿಡುತ್ತದೆ,
ತೆಗೆದುಕೊಂಡೆ.

ಬಾಗಿಲು ಮುಚ್ಚಿತು. ಪಲಂಬೊ ಹತ್ತೆಣಿಸಿದನೇನೊ,
‘ಆದರೂ ಮೂವತ್ತೊಂದು ಗಜ...’ ಎಂದು ಎಳೆದ.

‘ಸುಮ್ಮನಿರೋ’ ಎಂದೆ, ‘ಚೆಂಡಿನ ಲೇಸು
ಹುಡುಗನ ಕಡೆಗೆ ತಿರುಗಿತ್ತು. ನಾನು ಕಣ್ಣಾರೆ ಕಂಡೆ.
ತಪ್ಪೆಲ್ಲ ಚೆಂಡು ಹಿಡಿದು ಕೂತವನದು.’

ಆ ಹಿಡಿದವನು
ಹೆದ್ದಾರಿ ಪಕ್ಕದ ಮಾಲಿನಲ್ಲಿ
ಕೂದಲು ಕತ್ತರಿಸಿಕೊಳ್ಳುತ್ತಾನಂತೆ.